ಪಾಲಿಕೆ ಚುನಾವಣೆ: ವೋಟರ್ ಕಾರ್ಡ್ ಇದ್ರೆ ಸಾಲದು, ನಿಮ್ಮ ವಾರ್ಡ್ ಯಾವುದು ಗೊತ್ತಾ?

ಶಿವಮೊಗ್ಗ: ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ, ಕಸದ ಗಾಡಿ ಎರಡು ದಿನ ಬರದಿದ್ದರೆ ಜನ ಮೊದಲು ಹುಡುಕೋದು ಕಾರ್ಪೊರೇಟರ್ ನಂಬರ್. ಆದರೆ ಶಿವಮೊಗ್ಗದಲ್ಲಿ 2023ರ ನವೆಂಬರ್‌ನಿಂದ ಆ ನಂಬರ್‌ಗೆ ಫೋನ್ ಮಾಡಿದರೆ ಬರೋ ಉತ್ತರ ಒಂದೇ: 'ಈಗ ನಾವು ಸದಸ್ಯರಲ್ಲ, ಮಾಜಿ'. ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಐದು ವರ್ಷದ ಅವಧಿ ಆ ತಿಂಗಳು ಮುಗಿಯಿತು. 2024, 2025 ಎರಡೂ ವರ್ಷ ಚುನಾಯಿತ ಸದಸ್ಯರಿಲ್ಲದೆಯೇ ಕಳೆದವು. ಆಡಳಿತಾಧಿಕಾರಿ ಮತ್ತು ಆಯುಕ್ತರ ಮೂಲಕವೇ ನಗರದ ಆಡಳಿತ ನಡೆದಿದೆ.

ಚುನಾವಣೆ ಘೋಷಣೆಯಾದ ಮೇಲೆ ಪ್ರಚಾರದ ಗದ್ದಲ ಶುರುವಾಗುತ್ತದೆ. ಆದರೆ ಮತದಾನದ ದಿನ ಬೂತ್ ಬಾಗಿಲಿಗೆ ಹೋಗಿ 'ನಿಮ್ಮ ಹೆಸರು ಈ ವಾರ್ಡ್‌ನಲ್ಲಿ ಇಲ್ಲ' ಅನ್ನಿಸಿಕೊಂಡು ವಾಪಸ್ ಬರಬಾರದು ಅಂದರೆ, ಅದಕ್ಕೆ ಬೇಕಾದ ಕೆಲಸ ಘೋಷಣೆಗೆ ಮೊದಲೇ ಆಗಬೇಕು. ಪಾಲಿಕೆ ಚುನಾವಣೆ ವಿಧಾನಸಭೆ, ಲೋಕಸಭೆ ಚುನಾವಣೆಗಿಂತ ಹೇಗೆ ಬೇರೆ? ಮತದಾರರ ಪಟ್ಟಿ ಹೇಗೆ ತಯಾರಾಗುತ್ತೆ? ತಡ ಆಗೋದು ಯಾಕೆ? ಇಲ್ಲಿದೆ ಪೂರ್ತಿ ಮಾಹಿತಿ.

ಕೊನೆಯ ಬಾರಿ ಮತ ಹಾಕಿದ್ದು ಯಾವಾಗ?

ಶಿವಮೊಗ್ಗ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. ಮೈಸೂರು ಮತ್ತು ತುಮಕೂರು ಪಾಲಿಕೆಗಳಿಗೂ ಅದೇ ದಿನ ಮತದಾನ ಆಗಿತ್ತು. ಸೆಪ್ಟೆಂಬರ್ 3ರಂದು ಎಣಿಕೆ ನಡೆಯಿತು. 35 ವಾರ್ಡ್‌ಗಳ ಪೈಕಿ 20ರಲ್ಲಿ ಗೆದ್ದು ಬಿಜೆಪಿ ಬಹುಮತ ಪಡೆಯಿತು.

ಅಂದರೆ 2018ರ ಆಗಸ್ಟ್ ನಂತರ 18 ತುಂಬಿದ ಯಾರೂ ಇದುವರೆಗೆ ಪಾಲಿಕೆಯ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿಯೇ ಇಲ್ಲ. 2023ರ ಮೇ 10ರ ವಿಧಾನಸಭೆ ಚುನಾವಣೆ, 2024ರ ಮೇ 7ರ ಲೋಕಸಭೆ ಚುನಾವಣೆ ಎರಡರಲ್ಲೂ ಮತ ಹಾಕಿರುವ 24–25 ವರ್ಷದ ಯುವಕ, ಯುವತಿಯರಿಗೂ ಪಾಲಿಕೆ ಚುನಾವಣೆ ಹೊಸದೇ.

ಇನ್ನೊಂದು ವಿಷಯ. ಜಿಲ್ಲೆಯ ಎಲ್ಲ ಊರಿಗೂ ಒಟ್ಟಿಗೆ ಚುನಾವಣೆ ಬರಲ್ಲ. ಭದ್ರಾವತಿ ನಗರಸಭೆ, ತೀರ್ಥಹಳ್ಳಿ ಪಟ್ಟಣ ಪಂಚಾಯಿತಿಗೆ 2021ರ ಏಪ್ರಿಲ್ 27ರಂದು ಮತದಾನ ಆಗಿತ್ತು. ಪ್ರತಿ ಸಂಸ್ಥೆಯ ಐದು ವರ್ಷದ ಲೆಕ್ಕ ಬೇರೆ ಬೇರೆ. ಆ ಲೆಕ್ಕ ಶುರುವಾಗೋದು ಫಲಿತಾಂಶದ ದಿನದಿಂದ ಅಲ್ಲ, ಹೊಸ ಕೌನ್ಸಿಲ್‌ನ ಮೊದಲ ಸಭೆಯ ದಿನದಿಂದ.

ಒಂದು ವೋಟಿಗೆ ಇಲ್ಲಿ ತೂಕ ಜಾಸ್ತಿ

2011ರ ಜನಗಣತಿ ಪ್ರಕಾರ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಇದನ್ನು 35 ವಾರ್ಡ್‌ಗೆ ಹಂಚಿದರೆ ಒಂದು ವಾರ್ಡ್‌ಗೆ ಸರಾಸರಿ 9,200 ಜನ. ಇದರಲ್ಲಿ ಮಕ್ಕಳನ್ನು ಬಿಟ್ಟು ಮತದಾರರನ್ನಷ್ಟೇ ತೆಗೆದುಕೊಂಡರೆ ಸಂಖ್ಯೆ ಇನ್ನೂ ಕಡಿಮೆ.

ಉದಾಹರಣೆಗೆ ಒಂದು ವಾರ್ಡ್‌ನಲ್ಲಿ 7,000 ಮತದಾರರು ಇದ್ದಾರೆ ಅಂದುಕೊಳ್ಳಿ. ನೂರಕ್ಕೆ 60 ಮಂದಿ ಬಂದರೆ 4,200 ಮತ. ಕಣದಲ್ಲಿ ನಾಲ್ಕು ಜನ ಗಟ್ಟಿ ಅಭ್ಯರ್ಥಿಗಳಿದ್ದರೆ 1,400–1,500 ಮತ ಪಡೆದವರೂ ಗೆಲ್ಲಬಹುದು. ಒಂದು ಅಪಾರ್ಟ್‌ಮೆಂಟ್, ಎರಡು ಕ್ರಾಸ್ ರಸ್ತೆಯ ಜನ ಮನೆಯಲ್ಲೇ ಕೂತರೆ ಫಲಿತಾಂಶ ಬದಲಾಗುತ್ತದೆ. ಲಕ್ಷಗಟ್ಟಲೆ ಮತದಾರರಿರುವ ವಿಧಾನಸಭೆ ಕ್ಷೇತ್ರದಲ್ಲಿ 'ನನ್ನ ಒಂದು ವೋಟಿಂದ ಏನಾಗುತ್ತೆ' ಅನ್ನೋ ಮಾತಿಗೆ ಸ್ವಲ್ಪವಾದರೂ ಅರ್ಥ ಇರಬಹುದು. ವಾರ್ಡ್ ಮಟ್ಟದಲ್ಲಿ ಆ ಮಾತು ನಿಲ್ಲಲ್ಲ.

ಚುನಾವಣೆ ನಡೆಸೋದು ಯಾರು?

ಇಲ್ಲಿ ಬಹಳ ಜನರಿಗೆ ಗೊಂದಲ ಇದೆ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸೋದು ಭಾರತ ಚುನಾವಣಾ ಆಯೋಗ. ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ ಸಂಸ್ಥೆಗಳು. ಒಂದು ಇನ್ನೊಂದರ ಶಾಖೆ ಅಲ್ಲ.

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಈ ರೂಪ ಕೊಟ್ಟಿದೆ. ಅದರ 243ಯು ವಿಧಿ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಮಧ್ಯದಲ್ಲಿ ಕೌನ್ಸಿಲ್ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕು. 2006ರಲ್ಲಿ ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿದೆ.

ಹಾಗಿದ್ರೆ ತಡ ಆಗೋದು ಯಾಕೆ?

ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗವೇ ಆದರೂ, ಅದಕ್ಕೆ ಮೊದಲು ಆಗಬೇಕಾದ ಎರಡು ಮುಖ್ಯ ಕೆಲಸ ರಾಜ್ಯ ಸರ್ಕಾರದ ಕೈಯಲ್ಲಿದೆ.

ಮೊದಲನೆಯದು ವಾರ್ಡ್ ವಿಂಗಡಣೆ. ಯಾವ ರಸ್ತೆಯಿಂದ ಯಾವ ರಸ್ತೆವರೆಗೆ ಯಾವ ವಾರ್ಡ್ ಅಂತ ಗಡಿ ಗುರುತಿಸಿ ಅಧಿಸೂಚನೆ ಹೊರಡಿಸಬೇಕು. ನಗರದ ಅಂಚಿನ ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರೆ ಈ ಕೆಲಸ ಹೊಸದಾಗಿ ಆಗಬೇಕಾಗುತ್ತದೆ.

ಎರಡನೆಯದು ಮೀಸಲಾತಿ. ಯಾವ ವಾರ್ಡ್ ಸಾಮಾನ್ಯ, ಯಾವುದು ಮಹಿಳೆ, ಯಾವುದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಯಾವುದು ಹಿಂದುಳಿದ ವರ್ಗ ಅಂತ ಪಟ್ಟಿ ಹೊರಡಬೇಕು. ಪ್ರತಿ ಚುನಾವಣೆಗೂ ಇದು ಸರದಿ ಪ್ರಕಾರ ಬದಲಾಗಬೇಕು. ಸಂವಿಧಾನ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಅಂದಿದೆ, ಕರ್ನಾಟಕದಲ್ಲಿ ಅದು ಅರ್ಧಕ್ಕೆ ಏರಿದೆ.

ಗಲಾಟೆ ಶುರುವಾಗೋದು ಇಲ್ಲೇ. ಕರಡು ಪಟ್ಟಿ ಬಂದಾಗ 'ನಮ್ಮ ವಾರ್ಡ್‌ಗೆ ಮತ್ತೆ ಅದೇ ಮೀಸಲಾತಿ ಬಂದಿದೆ', 'ಸರದಿ ತಪ್ಪಿದೆ' ಅಂತ ಆಕ್ಷೇಪಣೆ ಸಲ್ಲಿಕೆಯಾಗುತ್ತೆ. ಒಪ್ಪದವರು ಹೈಕೋರ್ಟ್‌ಗೆ ಹೋಗ್ತಾರೆ. ರಾಜ್ಯದ ಹಲವು ಊರುಗಳಲ್ಲಿ ಚುನಾವಣೆ ನಿಂತಿದ್ದು ಹೀಗೆ.

ಹಿಂದುಳಿದ ವರ್ಗಗಳ ಮೀಸಲಾತಿಗೆ ಇನ್ನೊಂದು ಷರತ್ತೂ ಇದೆ. ಪ್ರತ್ಯೇಕ ಆಯೋಗ ಅಧ್ಯಯನ ಮಾಡಿ ಅಂಕಿ ಅಂಶ ಕೊಡಬೇಕು, ಒಟ್ಟು ಮೀಸಲಾತಿ ಶೇ.50 ದಾಟಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕಾಗಿಯೇ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಗಿ, 2022ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ವಾರ್ಡ್ ವಿಂಗಡಣೆ ಆಗಿಲ್ಲ, ಮೀಸಲಾತಿ ಕೆಲಸ ಬಾಕಿ ಇದೆ ಅನ್ನೋ ಕಾರಣ ಕೊಟ್ಟು ಚುನಾವಣೆ ಮುಂದೂಡುವಂತಿಲ್ಲ.

ಕಾನೂನು ಹೀಗಿದ್ದರೂ ವಾಸ್ತವ ಕಣ್ಣ ಮುಂದಿದೆ.

ಕೌನ್ಸಿಲ್ ಇಲ್ಲದಿದ್ರೆ ನಷ್ಟ ಏನು?

'ಅಧಿಕಾರಿಗಳೇ ಚೆನ್ನಾಗಿ ನೋಡ್ಕೊಳ್ತಾರೆ, ಕಾರ್ಪೊರೇಟರ್ ಯಾಕೆ ಬೇಕು' ಅನ್ನೋರೂ ಇದ್ದಾರೆ. ಕಸ ಸಾಗಣೆ, ನೀರು, ಖಾತೆ ಕೆಲಸ ನಿಂತಿಲ್ಲ ಅನ್ನೋದೂ ನಿಜ. ವ್ಯತ್ಯಾಸ ಇರೋದು ತೀರ್ಮಾನ ಮಾಡೋ ಜಾಗದಲ್ಲಿ.

ಪಾಲಿಕೆ ಬಜೆಟ್ ಮಂಡನೆಯಾಗಿ, ಚರ್ಚೆಯಾಗಿ ಒಪ್ಪಿಗೆ ಪಡೆಯೋದು ಕೌನ್ಸಿಲ್‌ನಲ್ಲಿ. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರಕ್ಕೆ ಸ್ಥಾಯಿ ಸಮಿತಿಗಳಿರುತ್ತವೆ. ಟೆಂಡರ್ ಮೊತ್ತ ಯಾಕೆ ಜಾಸ್ತಿಯಾಯ್ತು, ಒಂದೇ ಬಡಾವಣೆಗೆ ಯಾಕೆ ಎರಡು ಸಲ ಕಾಮಗಾರಿ, ನಮ್ಮ ವಾರ್ಡ್‌ಗೆ ಯಾಕಿಲ್ಲ ಅಂತ ಕೇಳೋ ಜಾಗ ಅದು. ಸಾಮಾನ್ಯ ಸಭೆಯಲ್ಲಿ ಗದ್ದಲ ಆಗುತ್ತೆ, ಬಾವಿಗಿಳಿದು ಪ್ರತಿಭಟನೆ ಆಗುತ್ತೆ, ಪತ್ರಿಕೆಯಲ್ಲಿ ಬರುತ್ತೆ. ಆ ಗದ್ದಲದಲ್ಲೇ ಎಷ್ಟೋ ವಿಷಯ ಜನರಿಗೆ ಗೊತ್ತಾಗೋದು.

ಆಡಳಿತಾಧಿಕಾರಿ ಅವಧಿಯಲ್ಲಿ ಕೌನ್ಸಿಲ್‌ನ ಅಧಿಕಾರವೆಲ್ಲ ಒಬ್ಬ ಅಧಿಕಾರಿ ಕೈಯಲ್ಲಿ ಇರುತ್ತದೆ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಎದುರು ಕೂತು ಪ್ರಶ್ನೆ ಕೇಳೋಕೆ 35 ಜನ ಇರಲ್ಲ. ಮುಂದಿನ ಸಲ ವೋಟು ಕೇಳೋಕೆ ಅವರು ಮನೆ ಬಾಗಿಲಿಗೆ ಬರಬೇಕಾಗಿಯೂ ಇಲ್ಲ.

ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿಗಳಿರಬೇಕು ಅಂತ ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಶಿವಮೊಗ್ಗ 2011ರಲ್ಲೇ ಆ ಗಡಿ ದಾಟಿದೆ. ಆದರೆ ವಾರ್ಡ್ ಸಮಿತಿ ಬಲವಾಗಿ ನಡೀಬೇಕಾದರೆ ಅದರ ತಲೆಗೆ ಚುನಾಯಿತ ಸದಸ್ಯರು ಬೇಕೇ ಬೇಕು.

ಎಲ್ಲಾ ಕೆಲಸ ಕಾರ್ಪೊರೇಟರ್‌ದಲ್ಲ

ಮತ ಕೇಳೋಕೆ ಬಂದವರು ಏನೇನೋ ಭರವಸೆ ಕೊಡ್ತಾರೆ. ಅದರಲ್ಲಿ ಯಾವುದು ಪಾಲಿಕೆ ಕೆಲಸ, ಯಾವುದಲ್ಲ ಅಂತ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

* ಕಸ ವಿಲೇವಾರಿ, ಚರಂಡಿ, ಬೀದಿದೀಪ, ವಾರ್ಡ್ ಒಳಗಿನ ರಸ್ತೆ, ಪಾರ್ಕ್ ನಿರ್ವಹಣೆ, ಆಸ್ತಿ ತೆರಿಗೆ, ಖಾತೆ, ಜನನ–ಮರಣ ನೋಂದಣಿ, ವ್ಯಾಪಾರ ಪರವಾನಗಿ: ಇವು ಪಾಲಿಕೆ ಕೆಲಸ.
* ಕರೆಂಟ್ ಸಮಸ್ಯೆ: ಮೆಸ್ಕಾಂ.
* ದೊಡ್ಡ ನೀರಿನ ಯೋಜನೆ ಮತ್ತು ಒಳಚರಂಡಿ ಕಾಮಗಾರಿ: ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ.
* ಹೊಸ ಬಡಾವಣೆ, ಲೇಔಟ್ ಅನುಮೋದನೆ: ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಸೂಡಾ.
* ಹೆದ್ದಾರಿ, ದೊಡ್ಡ ರಸ್ತೆಗಳು: ಲೋಕೋಪಯೋಗಿ ಇಲಾಖೆ ಅಥವಾ ರಾಷ್ಟ್ರೀಯ ಹೆದ್ದಾರಿ ವಿಭಾಗ.
* ಸ್ಮಾರ್ಟ್ ಸಿಟಿ ಕಾಮಗಾರಿ: ಅದಕ್ಕೆಂದೇ ರಚನೆಯಾದ ಪ್ರತ್ಯೇಕ ಕಂಪನಿ.

ಹಾಗಂತ ಬೇರೆ ಇಲಾಖೆ ಕೆಲಸದ ಬಗ್ಗೆ ಕಾರ್ಪೊರೇಟರ್ ಸುಮ್ಮನೆ ಕೂರಬೇಕು ಅಂತ ಅಲ್ಲ. ರಸ್ತೆ ಅಗೆದವರು ಮುಚ್ಚದೇ ಹೋದರೆ ಕೌನ್ಸಿಲ್‌ನಲ್ಲಿ ದನಿ ಎತ್ತಬೇಕಾದವರು ಅವರೇ. ಆದರೆ 'ಫ್ಲೈ ಓವರ್ ಕಟ್ಟಿಸ್ತೀನಿ' ಅನ್ನೋ ಅಭ್ಯರ್ಥಿಗೆ 'ಮೊದಲು ನಮ್ಮ ಕ್ರಾಸ್‌ನ ಚರಂಡಿ ನೀರು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತೆ ಹೇಳಿ' ಅಂತ ಕೇಳೋದು ಹೆಚ್ಚು ಉಪಯೋಗ.

ಪಟ್ಟಿಯಲ್ಲಿ ಹೆಸರು: ಎಲ್ಲಿ ಎಡವಟ್ಟಾಗುತ್ತೆ?

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡೋದಾದರೆ ಇದನ್ನು ನೆನಪಿಡಿ.

ಇದುವರೆಗಿನ ಪದ್ಧತಿಯಂತೆ ಪಾಲಿಕೆ ಚುನಾವಣೆಗೆ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಆಧಾರವಾಗಿ ತೆಗೆದುಕೊಳ್ಳುತ್ತಾರೆ. ಅದನ್ನು ವಿಳಾಸದ ಪ್ರಕಾರ ವಾರ್ಡ್‌ವಾರು ಒಡೆಯುತ್ತಾರೆ. ಹಾಗಾಗಿ ವಿಧಾನಸಭೆ ಪಟ್ಟಿಯಲ್ಲಿ ಯಾವ ವಿಳಾಸ ಇದೆಯೋ ಆ ವಿಳಾಸದ ವಾರ್ಡ್‌ಗೆ ನಿಮ್ಮ ಹೆಸರು ಹೋಗುತ್ತದೆ.

ಗೋಪಾಳದಲ್ಲಿ ಬಾಡಿಗೆಗೆ ಇದ್ದವರು ನಾಲ್ಕು ವರ್ಷದ ಹಿಂದೆ ವಿನೋಬನಗರಕ್ಕೆ ಮನೆ ಬದಲಿಸಿದ್ದಾರೆ ಅಂದುಕೊಳ್ಳಿ. ವಿಳಾಸ ಬದಲಾಯಿಸಿಲ್ಲ. ವಿಧಾನಸಭೆ ಚುನಾವಣೆಯಲ್ಲಿ ಇದರಿಂದ ದೊಡ್ಡ ತೊಂದರೆ ಕಾಣಲಿಲ್ಲ. ಹಳೇ ಬೂತ್‌ಗೆ ಹೋಗಿ ಅದೇ ಶಿವಮೊಗ್ಗ ಕ್ಷೇತ್ರದ ಅಭ್ಯರ್ಥಿಗಳಿಗೆ ಮತ ಹಾಕಿ ಬಂದರು. ಪಾಲಿಕೆ ಚುನಾವಣೆಯಲ್ಲಿ ಹಾಗಲ್ಲ. ಅವರ ಹೆಸರು ಗೋಪಾಳದ ವಾರ್ಡ್‌ನಲ್ಲಿ ಇರುತ್ತೆ. ಕಸದ ಗಾಡಿ ಬರೋದು ವಿನೋಬನಗರದ ಮನೆಗೆ, ವೋಟು ಬೀಳೋದು ಗೋಪಾಳದ ಅಭ್ಯರ್ಥಿಗೆ. ಈಗ ವಾಸ ಇರೋ ಕಡೆ ಯಾರು ಗೆಲ್ಲಬೇಕು ಅನ್ನೋದರಲ್ಲಿ ಅವರಿಗೆ ಮಾತೇ ಇಲ್ಲ.

ಇನ್ನೊಂದು ತೊಡಕು ಗಡಿ ರಸ್ತೆಗಳದ್ದು. ವಾರ್ಡ್ ಗಡಿ ಬಹುತೇಕ ರಸ್ತೆ, ಚಾನಲ್, ರೈಲ್ವೆ ಹಳಿ ಮೇಲೆ ಹಾದು ಹೋಗುತ್ತೆ. ರಸ್ತೆಯ ಈ ಬದಿಯ ಮನೆ ಒಂದು ವಾರ್ಡ್, ಎದುರು ಮನೆ ಇನ್ನೊಂದು ವಾರ್ಡ್ ಆಗಿರಬಹುದು. ಪಟ್ಟಿ ಒಡೆಯುವಾಗ ಇಂಥ ರಸ್ತೆಯ ಹೆಸರುಗಳು ಆಚೆ ಈಚೆ ಆಗೋ ಸಾಧ್ಯತೆ ಹೆಚ್ಚು. ಒಂದೇ ಮನೆಯ ಗಂಡ ಹೆಂಡತಿ ಹೆಸರು ಬೇರೆ ಬೇರೆ ವಾರ್ಡ್‌ಗೆ ಹೋಗುವುದೂ ಉಂಟು.

ಅದಕ್ಕೇ ವಾರ್ಡ್‌ವಾರು ಕರಡು ಪಟ್ಟಿ ಪ್ರಕಟವಾದಾಗ ನೋಡಲೇಬೇಕು. ಆಕ್ಷೇಪಣೆ ಸಲ್ಲಿಸೋಕೆ ನಿಗದಿತ ದಿನ ಕೊಡುತ್ತಾರೆ. ಆ ದಿನ ಮೀರಿದ ಮೇಲೆ ಬೂತ್‌ನಲ್ಲಿ ನಿಂತು ಜಗಳ ಮಾಡಿದರೆ ಪ್ರಯೋಜನ ಇಲ್ಲ, ಅಲ್ಲಿರೋ ಸಿಬ್ಬಂದಿಗೆ ಹೆಸರು ಸೇರಿಸೋ ಅಧಿಕಾರವೇ ಇಲ್ಲ.

ಯಾವ ಫಾರಂ ಯಾವುದಕ್ಕೆ?

* ಹೊಸದಾಗಿ ಹೆಸರು ಸೇರಿಸಲು: ಫಾರಂ 6
* ಮೃತಪಟ್ಟವರ ಹೆಸರು ತೆಗೆಸಲು, ಆಕ್ಷೇಪಣೆಗೆ: ಫಾರಂ 7
* ವಿಳಾಸ ಬದಲಾವಣೆ, ಹೆಸರು–ವಯಸ್ಸು–ಫೋಟೊ ತಿದ್ದುಪಡಿಗೆ: ಫಾರಂ 8

ಬೂತ್ ಮಟ್ಟದ ಅಧಿಕಾರಿ (ಬಿಎಲ್ಒ), ತಾಲ್ಲೂಕು ಕಚೇರಿ ಅಥವಾ ಆನ್‌ಲೈನ್ ಮೂಲಕ ಅರ್ಜಿ ಕೊಡಬಹುದು. ಮಾಹಿತಿಗೆ 1950 ಸಹಾಯವಾಣಿ ಇದೆ. 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮನೆಯಲ್ಲಿ 18 ತುಂಬುತ್ತಿರುವ ಮಕ್ಕಳಿದ್ದರೆ ಮುಂದಿನ ಜನವರಿವರೆಗೆ ಕಾಯೋದು ಬೇಡ.

ಸ್ಥಳೀಯ ಸಂಸ್ಥೆಗಳ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗವೇ ಪರಿಷ್ಕರಿಸುವಂತೆ ಕಾನೂನು ಬದಲಾಯಿಸುವ ವಿಚಾರವೂ 2025ರಲ್ಲಿ ರಾಜ್ಯ ಸಚಿವ ಸಂಪುಟದ ಮುಂದೆ ಬಂದಿತ್ತು. ಪದ್ಧತಿ ಯಾವುದೇ ಆಗಲಿ, ಪಟ್ಟಿಯಲ್ಲಿ ಈಗಿನ ವಿಳಾಸ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಮತಯಂತ್ರವೋ, ಮತಪತ್ರವೋ?

2018ರಲ್ಲಿ ಶಿವಮೊಗ್ಗದಲ್ಲಿ ಇವಿಎಂ ಬಳಸಲಾಗಿತ್ತು. ಇನ್ನು ಮುಂದೆ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತಪತ್ರ ಬಳಸುವಂತೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಯಾವ ವಿಧಾನದಲ್ಲಿ ಮತದಾನ ಅನ್ನೋದು ಚುನಾವಣೆ ಘೋಷಣೆ ಆದಾಗ ಆಯೋಗದ ಆದೇಶದಲ್ಲಿ ಇರುತ್ತದೆ.

ಮತಪತ್ರ ಬಂದರೆ ಇವಿಎಂ ಕಾಲದಲ್ಲಿ ಮತದಾರರಾದವರು ಸ್ವಲ್ಪ ಎಚ್ಚರ ವಹಿಸಬೇಕು. ಮುದ್ರೆ ಒಬ್ಬರೇ ಅಭ್ಯರ್ಥಿಯ ಜಾಗದಲ್ಲಿ ಬೀಳಬೇಕು. ಇಬ್ಬರಿಗೆ ಒತ್ತಿದರೆ ಅಥವಾ ಯಾರಿಗೆ ಅಂತ ಗೊತ್ತಾಗದ ಹಾಗೆ ಗೆರೆ ಮೇಲೆ ಒತ್ತಿದರೆ ಮತ ತಿರಸ್ಕೃತ. ಪೆನ್ನಿನಿಂದ ಗುರುತು ಹಾಕೋದು, ಸಹಿ ಮಾಡೋದು, ಹೆಸರು ಬರೆಯೋದು ಬೇಡ. ಮುದ್ರೆಯ ಶಾಯಿ ಇನ್ನೊಂದು ಚಿಹ್ನೆಗೆ ಅಂಟದ ಹಾಗೆ, ಸಿಬ್ಬಂದಿ ಮಡಚಿ ತೋರಿಸಿದ ರೀತಿಯಲ್ಲೇ ಮಡಚಿ ಪೆಟ್ಟಿಗೆಗೆ ಹಾಕಬೇಕು. ಕೆಲವೇ ಮತಗಳ ಅಂತರದಲ್ಲಿ ಗೆಲುವು ತೀರ್ಮಾನವಾಗೋ ವಾರ್ಡ್‌ಗಳಲ್ಲಿ ತಿರಸ್ಕೃತ ಮತಗಳೇ ಆ ಅಂತರಕ್ಕಿಂತ ಜಾಸ್ತಿ ಆಗಿಬಿಡಬಹುದು.

ಮತದಾನದ ದಿನದ ಪ್ರಶ್ನೆಗಳು

*ವೋಟರ್ ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಮತ ಹಾಕಬಹುದಾ?*
ಆಗಲ್ಲ. ಕಾರ್ಡ್ ಗುರುತಿಗೆ ಮಾತ್ರ. ಮತದ ಹಕ್ಕು ಚಲಾಯಿಸೋಕೆ ಪಟ್ಟಿಯಲ್ಲಿ ಹೆಸರಿರಬೇಕು.

*ಪಟ್ಟಿಯಲ್ಲಿ ಹೆಸರಿದೆ, ಕಾರ್ಡ್ ಕಳೆದಿದೆ. ಏನು ಮಾಡೋದು?*
ಆಯೋಗ ಒಪ್ಪಿರುವ ಬೇರೆ ಗುರುತಿನ ದಾಖಲೆ ತೋರಿಸಿ ಮತ ಹಾಕಬಹುದು. ದಾಖಲೆಗಳ ಪಟ್ಟಿ ಚುನಾವಣೆಗೆ ಮೊದಲು ಪ್ರಕಟವಾಗುತ್ತೆ.

*ಲೋಕಸಭೆಗೆ ಹಾಕಿದ ಬೂತ್‌ಗೇ ಹೋಗಬಹುದಾ?*
ಅದೇ ಇರಬೇಕು ಅಂತೇನಿಲ್ಲ. ಪಾಲಿಕೆ ಚುನಾವಣೆಗೆ ವಾರ್ಡ್ ಪ್ರಕಾರ ಮತಗಟ್ಟೆ ಇರುತ್ತೆ. ಸ್ಲಿಪ್ ನೋಡಿಕೊಂಡು ಹೋಗಿ.

*ನನ್ನ ಹೆಸರಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದಾರೆ. ಸುಮ್ಮನೆ ವಾಪಸ್ ಬರಬೇಕಾ?*
ಬೇಡ. ಮತಗಟ್ಟೆ ಅಧಿಕಾರಿಗೆ ಗುರುತು ಸಾಬೀತುಪಡಿಸಿ 'ಟೆಂಡರ್ಡ್ ಮತ' ಕೇಳಬಹುದು. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ.

*ಯಾರೂ ಇಷ್ಟ ಇಲ್ಲ ಅಂದ್ರೆ?*
2018ರ ನಗರ ಸ್ಥಳೀಯ ಸಂಸ್ಥೆ ಚುನಾವಣೆಯಲ್ಲಿ ನೋಟಾ ಇತ್ತು. ಆದರೆ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ.

*ಸ್ಪರ್ಧೆ ಮಾಡೋಕೆ ಎಷ್ಟು ವಯಸ್ಸಾಗಿರಬೇಕು?*
21. ವಿಧಾನಸಭೆಗೆ 25 ಬೇಕು. ಹಾಗಾಗಿ ಯುವಕರಿಗೆ ಮೊದಲ ಮೆಟ್ಟಿಲು ಇದೇ.

ಮೇಯರ್‌ಗೆ ನೇರವಾಗಿ ಮತ ಇಲ್ಲ

ಪಾಲಿಕೆ ಚುನಾವಣೆಯಲ್ಲಿ ಜನ ಹಾಕೋದು ಒಂದೇ ಮತ, ಅದು ವಾರ್ಡ್ ಸದಸ್ಯರಿಗೆ. ಮೇಯರ್, ಉಪಮೇಯರ್‌ರನ್ನು ಗೆದ್ದ ಸದಸ್ಯರು ಆರಿಸುತ್ತಾರೆ. ನಗರ ವ್ಯಾಪ್ತಿಯ ಶಾಸಕರು, ಸಂಸದರು ಮತ್ತು ಇಲ್ಲಿನ ಮತದಾರರಾಗಿರುವ ವಿಧಾನ ಪರಿಷತ್ ಸದಸ್ಯರಿಗೂ ಅದರಲ್ಲಿ ಮತ ಇದೆ. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರಿಗೆ ಇಲ್ಲ.

ಮೇಯರ್ ಸ್ಥಾನಕ್ಕೂ ಮೀಸಲಾತಿ ಇದೆ, ಅದನ್ನೂ ಸರ್ಕಾರವೇ ಪ್ರಕಟಿಸುತ್ತದೆ. ಹಿಂದಿನ ಕೌನ್ಸಿಲ್‌ನಲ್ಲಿ ಮೇಯರ್ ಅವಧಿ ಒಂದು ವರ್ಷ ಇತ್ತು. ಪಕ್ಷದ ವಿಪ್ ಉಲ್ಲಂಘಿಸಿ ಮತ ಹಾಕಿದ ಸದಸ್ಯರ ಸದಸ್ಯತ್ವ ಹೋಗಬಹುದು. ಅದಕ್ಕೆ 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ.

ಈಗ ಮಾಡಬೇಕಾದ್ದು ಏನು?

1. ಮನೆಯಲ್ಲಿರುವ ಎಲ್ಲರ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯಾ ನೋಡಿ. ಕಳೆದ ಸಲ ಇತ್ತು ಅನ್ನೋ ಧೈರ್ಯ ಬೇಡ.
2. ಪಟ್ಟಿಯಲ್ಲಿರೋ ವಿಳಾಸ ಈಗಿನದ್ದಾ? ಮನೆ ಬದಲಿಸಿದ್ದರೆ ಫಾರಂ 8 ಕೊಡಿ.
3. ತೀರಿಕೊಂಡವರ ಹೆಸರಿದ್ದರೆ ತೆಗೆಸಿ. ಅಂಥ ಹೆಸರುಗಳೇ ಕಳ್ಳ ಮತಕ್ಕೆ ದಾರಿ.
4. ವಾರ್ಡ್ ವಿಂಗಡಣೆ, ಮೀಸಲಾತಿ ಕರಡು ಬಂದಾಗ ನಿಮ್ಮ ರಸ್ತೆ ಯಾವ ವಾರ್ಡ್‌ನಲ್ಲಿದೆ ಓದಿ. ತಪ್ಪಿದ್ದರೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.
5. ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆ ವಿವರ ಇರುತ್ತೆ. ಪಾಂಪ್ಲೆಟ್ ಜೊತೆಗೆ ಅದನ್ನೂ ಓದಿ.

ಚುನಾವಣೆ ದಿನಾಂಕ ನಿಗದಿ ಮಾಡೋದು ಮತದಾರರ ಕೈಯಲ್ಲಿಲ್ಲ. ಆದರೆ ದಿನಾಂಕ ಬಂದಾಗ ಸರಿಯಾದ ವಾರ್ಡ್‌ನಲ್ಲಿ ಹೆಸರಿರುವಂತೆ ನೋಡಿಕೊಳ್ಳೋದು ಅವರ ಕೈಯಲ್ಲೇ ಇದೆ. ಅರ್ಜಿಗೆ ಹತ್ತು ನಿಮಿಷ ಸಾಕು. ಅದು ತಪ್ಪಿದರೆ ಮುಂದಿನ ಅವಕಾಶ ಕನಿಷ್ಠ ಐದು ವರ್ಷದ ನಂತರ. ಶಿವಮೊಗ್ಗದ ಅನುಭವ ನೋಡಿದರೆ ಅದಕ್ಕಿಂತ ಇನ್ನೂ ತಡ ಆದರೂ ಆಶ್ಚರ್ಯ ಇಲ್ಲ.